ಓದುಗರ ಪ್ರಶ್ನೋತ್ತರ: ಅಪ್, ಆಫ್, ಔಟ್ ಮಾಡುವ ಕೆಲಸ

ಇಂಗ್ಲಿಷಿನ ಫ್ರೇಸಲ್ ವರ್ಬ್‌ಗಳ ಬಗ್ಗೆ ಮುಂಬಯಿ, ಪುಣೆ ಮತ್ತು ಗೋವಾದ ಓದುಗರು ಬರೆದ ಪತ್ರಗಳಲ್ಲಿ ಕೆಲವನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಗಿವ್, ಟೇಕ್, ಪುಟ್, ಗೆಟ್ ಮುಂತಾದ ಸಣ್ಣ ಕ್ರಿಯಾಪದಗಳಿಗೆ ಅಪ್, ಆಫ್, ಔಟ್, ಡೌನ್‌ನಂಥ ಇನ್ನೂ ಸಣ್ಣ ಪದವೊಂದು ಸೇರಿ ಬೇರೆಯೇ ಅರ್ಥ ಹುಟ್ಟಿದಾಗ ಆ ಜೋಡಿಯನ್ನು ಫ್ರೇಸಲ್ ವರ್ಬ್ ಎಂದೂ, ಹಾಗೆ ಸೇರಿದ ಸಣ್ಣ ಪದವನ್ನು ಪಾರ್ಟಿಕಲ್ ಎಂದೂ ಕರೆಯುತ್ತಾರೆ.

ಪ್ರಶ್ನೆ: ನಾನು ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ, ಆಮೇಲೆ ಹಗಲು ಹೋಟೆಲಿನಲ್ಲಿ ದುಡಿಯುತ್ತ ರಾತ್ರಿಶಾಲೆಯಲ್ಲಿ ಹತ್ತನೆಯವರೆಗೆ ಓದಿದವನು. ಈಗ ಅಂಧೇರಿಯ ಒಂದು ಆಫೀಸಿನಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಈಚೆಗೆ ಮೇಲಧಿಕಾರಿಗಳಿಂದ ‘ದಿ ಮೀಟಿಂಗ್ ಹ್ಯಾಸ್ ಬೀನ್ ಪುಟ್ ಆಫ್’ ಎಂಬ ಸಂದೇಶ ಬಂದಾಗ, ಆಫ್ ಎಂದ ಮೇಲೆ ಮೀಟಿಂಗ್ ರದ್ದಾಯಿತು ಎಂದುಕೊಂಡು ಫೈಲು ಎತ್ತಿಟ್ಟುಬಿಟ್ಟೆ. ಶುಕ್ರವಾರ ಮೀಟಿಂಗ್ ನಡೆಯಿತು, ನನ್ನ ಲೆಕ್ಕ ಸಿದ್ಧವಿರಲಿಲ್ಲ. ಪುಸ್ತಕದಲ್ಲಿರುವ ಪಟ್ಟಿಯನ್ನು ಬಾಯಿಪಾಠ ಮಾಡಿದರೆ ವಾರದೊಳಗೆ ಮರೆತುಹೋಗುತ್ತದೆ. ಇವುಗಳನ್ನು ಕಲಿಯಲು ಬೇರೆ ದಾರಿ ಇದೆಯೆ?
(ಡೊಂಬಿವಲಿಯ ಓದುಗರು)

ಉತ್ತರ: ನಿಮ್ಮ ಊಹೆ ಅರ್ಧ ಸರಿಯಾಗಿಯೇ ಇತ್ತು. ಪುಟ್ ಆಫ್ ಎಂದರೆ ಮುಂದೂಡುವುದು, ಕಾಲ್ ಆಫ್ ಎಂದರೆ ರದ್ದು ಮಾಡುವುದು. ಆಫ್ ಎಂಬ ಪಾರ್ಟಿಕಲ್‌ನ ಮೂಲ ಭಾವ, ಅಂಟಿಕೊಂಡಿದ್ದದ್ದು ಕಳಚಿ ದೂರ ಸರಿಯುವುದು. ಕೋಟನ್ನು ಟೇಕ್ ಆಫ್ ಮಾಡಿದಾಗ ಅದು ಮೈಯಿಂದ ಕಳಚುತ್ತದೆ, ವಿಮಾನ ಟೇಕ್ ಆಫ್ ಆದಾಗ ನೆಲದಿಂದ ಕಳಚುತ್ತದೆ, ಕಟ್ ಆಫ್ ಆದ ಫೋನು ಸಂಪರ್ಕದಿಂದ ಕಳಚುತ್ತದೆ. ಪುಟ್ ಎಂದರೆ ಇಡುವುದಾದ್ದರಿಂದ, ಪುಟ್ ಆಫ್ ಆದ ಮೀಟಿಂಗು ತನ್ನ ದಿನದಿಂದ ಕಳಚಿಕೊಂಡು ಇನ್ನೊಂದು ದಿನಕ್ಕೆ ಹೋಗಿ ಕೂತಿದೆ ಎಂದು ತಿಳಿಯಬೇಕು. ದೂರ ಸರಿದದ್ದು ಹೌದು, ಇಲ್ಲವಾದದ್ದು ಅಲ್ಲ.

ಪಟ್ಟಿಯ ಬಾಯಿಪಾಠ ನಿಲ್ಲದಿರುವುದಕ್ಕೆ ಕಾರಣವಿದೆ. ನಮ್ಮ ಹೆಚ್ಚಿನ ಪುಸ್ತಕಗಳು ಕ್ರಿಯಾಪದದ ಪ್ರಕಾರ ಪಟ್ಟಿ ಮಾಡುತ್ತವೆ: ಗೆಟ್ ಅಪ್, ಗೆಟ್ ಆನ್, ಗೆಟ್ ಓವರ್, ಗೆಟ್ ಅವೇ, ಹೀಗೆ. ಗೆಟ್‌ನಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲದ ಕಾರಣ ಮನಸ್ಸು ಜಾರುತ್ತದೆ. ಅರ್ಥದ ಭಾರವನ್ನು ಹೊತ್ತಿರುವುದು ಬಹಳ ಸಲ ಪಾರ್ಟಿಕಲ್ಲೇ; ಆದ್ದರಿಂದ ಪಾರ್ಟಿಕಲ್ಲನ್ನು ಹಿಡಿದು ಕಲಿಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಇದಕ್ಕೆ ಪುರಾವೆ ನಾವು ದಿನವೂ ಆಡುವ ಮಾತಿನಲ್ಲೇ ಇದೆ. ಇಂಗ್ಲಿಷಿನವರು ಸ್ವಿಚ್ ಆನ್, ಸ್ವಿಚ್ ಆಫ್ ಎಂದದ್ದನ್ನು ನಾವು ಫ್ಯಾನ್ ಆನ್ ಮಾಡು, ಲೈಟ್ ಆಫ್ ಮಾಡು ಎಂದು ತೆಗೆದುಕೊಂಡೆವು. ಸರ್ವರ್ ಡೌನ್ ಆಯಿತು ಎನ್ನುತ್ತೇವೆ, ಆಟಗಾರ ಔಟಾದ ಎನ್ನುತ್ತೇವೆ. ಇಂಗ್ಲಿಷಿನ ಕ್ರಿಯಾಪದವನ್ನು ಬಿಟ್ಟು ಪಾರ್ಟಿಕಲ್ಲನ್ನು ಮಾತ್ರ ಇಟ್ಟುಕೊಂಡು, ಅದಕ್ಕೆ ನಮ್ಮದೇ ‘ಮಾಡು’, ‘ಆಗು’ಗಳನ್ನು ಸೇರಿಸಿದ್ದೇವೆ. ತಿರುಳು ಎಲ್ಲಿದೆ ಎಂಬುದನ್ನು ಶಾಲೆಗೆ ಹೋಗದವರ ಕಿವಿಯೂ ಸರಿಯಾಗಿಯೇ ಗುರುತಿಸಿದೆ.

ಇನ್ನೊಂದು ಅನುಕೂಲವೂ ನಿಮಗಿದೆ. ‘ಬರೆ’ ಎಂಬ ಕ್ರಿಯಾಪದವನ್ನು ತೆಗೆದುಕೊಳ್ಳಿ. ಬರೆದುಕೋ, ಬರೆದುಕೊಡು, ಬರೆದಿಡು, ಬರೆದುಬಿಡು, ಬರೆದುಹಾಕು ಎಂಬಲ್ಲಿ ಬರೆಯುವ ಕೆಲಸ ಒಂದೇ ಆದರೂ ಅದು ಯಾರಿಗಾಗಿ, ಎಷ್ಟು ಪೂರ್ತಿಯಾಗಿ, ಯಾವ ಮನೋಭಾವದಿಂದ ನಡೆಯಿತು ಎಂಬುದನ್ನು ಹಿಂದೆ ಸೇರಿದ ಕೊಳ್ಳು, ಕೊಡು, ಇಡು, ಬಿಡು, ಹಾಕುಗಳು ಹೇಳುತ್ತವೆ. ಇಲ್ಲಿ ‘ಬಿಡು’ವಿಗೆ ತ್ಯಜಿಸುವ ಅರ್ಥವಾಗಲಿ ‘ಹಾಕು’ವಿಗೆ ಸುರಿಯುವ ಅರ್ಥವಾಗಲಿ ಉಳಿದಿಲ್ಲ, ಆದರೆ ಅವುಗಳ ಛಾಯೆ ಉಳಿದಿದೆ. ಮುಂಬಯಿಯಲ್ಲಿರುವ ನಿಮಗೆ ಮರಾಠಿಯ ‘ಖಾಊನ್ ಟಾಕ್’, ‘ಲಿಹೂನ್ ಘೇ’, ‘ಲಿಹೂನ್ ದೇ’ ಕೂಡ ಗೊತ್ತಿರುತ್ತವೆ; ತಿಂದುಬಿಡು, ಬರೆದುಕೋ, ಬರೆದುಕೊಡು ಎಂದು ಅವು ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಇಂಗ್ಲಿಷು ಈ ಕೆಲಸದ ಬಹುಪಾಲನ್ನು ಪಾರ್ಟಿಕಲ್‌ಗಳಿಗೆ ವಹಿಸಿದೆ. ಲೆಕ್ಕಕ್ಕೆ ಲೆಕ್ಕ ಕೂಡುವುದಿಲ್ಲ, ಅಂದರೆ ಇಂಥ ಪಾರ್ಟಿಕಲ್‌ಗೆ ಇಂಥದೇ ಕನ್ನಡ ಪದ ಎಂದು ಹೇಳಲು ಬರುವುದಿಲ್ಲ. ಆದರೂ ಸಣ್ಣ ಪದವೊಂದು ಕೆಲಸದ ಸ್ವರೂಪವನ್ನೇ ಬದಲಿಸುತ್ತದೆ ಎಂಬುದು ಕನ್ನಡಿಗರಿಗೆ ಹೊಸ ವಿಷಯವೇನಲ್ಲ.

ಅಪ್ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ‘ಶಿ ಡ್ರ್ಯಾಂಕ್ ದಿ ಮಿಲ್ಕ್’ ಎಂದರೆ ಅವಳು ಹಾಲು ಕುಡಿದಳು. ಲೋಟದಲ್ಲಿ ಉಳಿಯಿತೋ ಇಲ್ಲವೋ ಎಂಬುದರ ಮೇಲೆ ಒತ್ತಿಲ್ಲ. ‘ಶಿ ಡ್ರ್ಯಾಂಕ್ ಅಪ್ ದಿ ಮಿಲ್ಕ್’ ಎಂದರೆ ಕುಡಿದುಬಿಟ್ಟಳು, ಲೋಟ ಖಾಲಿ. ಈಟ್ ಅಪ್, ಯೂಸ್ ಅಪ್, ಕ್ಲೀನ್ ಅಪ್‌ಗಳಲ್ಲಿ ಇರುವುದು ಇದೇ ಪೂರ್ಣತೆಯ ಅಪ್. ಸ್ಪೀಡ್ ಅಪ್‌ನಲ್ಲಿ ಇರುವುದು ಹೆಚ್ಚಾಗುವ ಅಪ್, ಟರ್ನ್ ಅಪ್ ಮತ್ತು ಶೋ ಅಪ್‌ಗಳಲ್ಲಿ ಇರುವುದು ಎದುರಿಗೆ ಬಂದು ಕಾಣಿಸಿಕೊಳ್ಳುವ ಅಪ್. ಕಾಗದ ಸುಟ್ಟುಹೋದರೆ ಬರ್ನ್ ಅಪ್ ಎನ್ನುತ್ತಾರೆ, ಮನೆ ಸುಟ್ಟುಹೋದರೆ ಬರ್ನ್ ಡೌನ್ ಎನ್ನುತ್ತಾರೆ. ಮೊದಲನೆಯದರಲ್ಲಿ ಏನೂ ಉಳಿಯದ್ದು ಮುಖ್ಯ, ಎರಡನೆಯದರಲ್ಲಿ ನಿಂತಿದ್ದದ್ದು ನೆಲಕಚ್ಚಿದ್ದು ಮುಖ್ಯ.

ಔಟ್ ಕೂಡ ಇಷ್ಟೇ ಸಮೃದ್ಧವಾದದ್ದು. ಒಳಗಿದ್ದದ್ದು ಹೊರಗೆ ಬಂದರೆ ಎಲ್ಲರಿಗೂ ಕಾಣುತ್ತದೆ, ಆದ್ದರಿಂದ ಫೈಂಡ್ ಔಟ್, ಪಾಯಿಂಟ್ ಔಟ್. ಗುಟ್ಟು ಹೊರಬಿತ್ತು, ಬಯಲಾಯಿತು ಎಂದು ಕನ್ನಡವೂ ಇದೇ ದಾರಿಯಲ್ಲಿ ಯೋಚಿಸುತ್ತದೆ. ಕೈಯಲ್ಲಿದ್ದದ್ದು ಹಲವರ ಕಡೆಗೆ ಹೊರಟರೆ ಹ್ಯಾಂಡ್ ಔಟ್, ಹಂಚುವುದು. ಇದ್ದದ್ದೆಲ್ಲ ಹೊರಗೆ ಹೋದರೆ ಒಳಗೆ ಏನೂ ಉಳಿಯುವುದಿಲ್ಲ, ಆದ್ದರಿಂದ ರನ್ ಔಟ್, ವೇರ್ ಔಟ್, ಸೆಲ್ ಔಟ್. ಮೇ ತಿಂಗಳಲ್ಲಿ ಊರಿಗೆ ಹೊರಟ ನಮ್ಮವರಿಗೆ ಕೊಂಕಣ ರೈಲಿನ ಟಿಕೆಟು ಸೋಲ್ಡ್ ಔಟ್ ಆಗುವುದೆಂದರೆ ಏನೆಂದು ವಿವರಿಸಬೇಕಾಗಿಲ್ಲ. ಡೌನ್‌ನಲ್ಲಿ ಇಳಿಕೆಯ ಜೊತೆಗೆ ನಿಲುಗಡೆಯ ಭಾವವೂ ಇದೆ: ಸ್ಲೋ ಡೌನ್, ಕಾಮ್ ಡೌನ್, ಶಟ್ ಡೌನ್, ಬ್ರೇಕ್ ಡೌನ್. ಆನ್ ಎಂದರೆ ಮುಂದುವರಿಕೆ, ಕ್ಯಾರಿ ಆನ್, ಗೋ ಆನ್. ಬ್ಯಾಕ್ ಎಂದರೆ ಮರಳುವುದು. ಇವೆರಡು ಕಷ್ಟ ಕೊಡುವುದಿಲ್ಲ.

ಎಲ್ಲವೂ ಹೀಗೆ ಬಿಡಿಸಿಕೊಳ್ಳುತ್ತವೆ ಎಂದು ನಾನು ಹೇಳಲಾರೆ. ಸಹಿಸಿಕೊಳ್ಳುವುದು ಎಂಬ ಅರ್ಥದ ಪುಟ್ ಅಪ್ ವಿತ್ ಅನ್ನು ಬಿಡಿಭಾಗಗಳಿಂದ ಊಹಿಸಲು ಆಗುವುದಿಲ್ಲ, ಇಡಿಯಾಗಿಯೇ ಕಲಿಯಬೇಕು. ದೀಪ ಗೋ ಆಫ್ ಆದರೆ ಆರುತ್ತದೆ, ಅಲಾರಾಂ ಗೋ ಆಫ್ ಆದರೆ ಹೊಡೆದುಕೊಳ್ಳುತ್ತದೆ, ಬ್ರಿಟಿಷರ ಮನೆಯಲ್ಲಿ ಹಾಲು ಗೋ ಆಫ್ ಆದರೆ ಕೆಡುತ್ತದೆ. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ಹೊರತಂದ ತನ್ನ ಇಂಗ್ಲಿಷ್ ನಿಘಂಟಿನ ಮುನ್ನುಡಿಯಲ್ಲೇ, ಪರದೇಶೀಯರಿಗೆ ಎಲ್ಲಕ್ಕಿಂತ ಹೆಚ್ಚು ತೊಡಕಾಗುವುದು ಇಂಥ ಜೋಡಿಗಳೇ ಎಂದು ಬರೆದು, ಅವುಗಳನ್ನು ವಿಶೇಷ ಎಚ್ಚರಿಕೆಯಿಂದ ಸಂಗ್ರಹಿಸಿದ್ದಾಗಿ ಹೇಳಿದ್ದಾನೆ. ಆದ್ದರಿಂದ ಈ ತೊಡಕು ಕನ್ನಡ ಮಾಧ್ಯಮದಲ್ಲಿ ಓದಿದ ಕಾರಣಕ್ಕೆ ಬಂದದ್ದು ಎಂದು ದಯವಿಟ್ಟು ಭಾವಿಸಬೇಡಿ.

ಒಂದು ನೋಟ್‌ಬುಕ್ ಇಟ್ಟುಕೊಂಡು ಅಪ್‌ಗೆ ಕೆಲವು ಪುಟ, ಔಟ್‌ಗೆ ಕೆಲವು ಪುಟ ಎಂದು ಬಿಡಿ. ಆಫೀಸಿನ ಮೇಲ್‌ನಲ್ಲಿ ಕಂಡ ಜೋಡಿಯನ್ನು, ಅದು ಬಂದ ಇಡೀ ವಾಕ್ಯದ ಸಮೇತ, ಆಯಾ ಪುಟದಲ್ಲಿ ಬರೆದುಕೊಳ್ಳಿ. ಬಿಡಿ ಪದ ಬರೆದುಕೊಂಡರೆ ಪ್ರಯೋಜನ ಕಡಿಮೆ.

ಪ್ರಶ್ನೆ: ಪಣಜಿಯ ಒಂದು ಹೋಟೆಲಿನ ಸ್ವಾಗತ ವಿಭಾಗದಲ್ಲಿದ್ದೇನೆ. ‘ಐ ವಿಲ್ ಲುಕ್ ಆಫ್ಟರ್ ಇಟ್’ ಸರಿ, ಆದರೆ ‘ಐ ವಿಲ್ ಪಿಕ್ ಅಪ್ ಇಟ್’ ತಪ್ಪು ಎಂದು ಜೊತೆಯವರು ತಿದ್ದಿದರು. ಎರಡೂ ಒಂದೇ ರೀತಿ ಇವೆಯಲ್ಲ?
(ಪಣಜಿಯ ಓದುಗರು)

ಉತ್ತರ: ಕಣ್ಣಿಗೆ ಒಂದೇ ರೀತಿ ಕಂಡರೂ ಕಿವಿಗೆ ಬೇರೆಯಾಗಿ ಕೇಳಿಸುತ್ತವೆ. ಲುಕ್ ಆಫ್ಟರ್‌ನಲ್ಲಿ ಒತ್ತು ಲುಕ್ ಮೇಲೆ ಬೀಳುತ್ತದೆ. ಆಫ್ಟರ್ ತನ್ನ ಮುಂದಿನ ನಾಮಪದಕ್ಕೆ ಸೇರಿದ್ದು, ಅದರ ಕೈಬಿಡುವುದಿಲ್ಲ. ಪಿಕ್ ಅಪ್‌ನಲ್ಲಿ ಅಪ್ ಸೇರಿರುವುದು ಕ್ರಿಯಾಪದಕ್ಕೆ. ಹಾಗಾಗಿ ಅದಕ್ಕೆ ಜಾಗ ಬದಲಿಸುವ ಸ್ವಾತಂತ್ರ್ಯವಿದೆ: ‘ಪಿಕ್ ಅಪ್ ದಿ ಬ್ಯಾಗ್’ ಎಂದರೂ ‘ಪಿಕ್ ದಿ ಬ್ಯಾಗ್ ಅಪ್’ ಎಂದರೂ ಸರಿಯೇ. ಆದರೆ ಬ್ಯಾಗಿನ ಬದಲು ಇಟ್, ದೆಮ್, ಹಿಮ್ ಮುಂತಾದ ಸರ್ವನಾಮ ಬಂದರೆ ಅದನ್ನು ನಡುವೆಯೇ ಇಡಬೇಕು: ಪಿಕ್ ಇಟ್ ಅಪ್. ಇಂಗ್ಲಿಷ್ ವಾಕ್ಯದ ಒತ್ತು ಸಾಮಾನ್ಯವಾಗಿ ಕೊನೆಗೆ ಬೀಳುವುದರಿಂದ, ಆಗಲೇ ಗೊತ್ತಿರುವ ವಸ್ತುವನ್ನು ಸೂಚಿಸುವ ಹಗುರವಾದ ಇಟ್ ಆ ಜಾಗದಲ್ಲಿ ನಿಲ್ಲಲಾರದು. ನಿಮ್ಮ ಕೆಲಸದಲ್ಲಿ ಬರುವ ಡ್ರಾಪ್ ದೆಮ್ ಆಫ್, ಫಿಲ್ ಇಟ್ ಇನ್, ರೈಟ್ ಇಟ್ ಡೌನ್, ಕಾಲ್ ಹರ್ ಬ್ಯಾಕ್‌ಗಳನ್ನು ಕೊನೆಯ ಪದಕ್ಕೆ ಒತ್ತು ಕೊಟ್ಟು ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿದರೆ, ನಿಯಮ ನೆನಪಿಲ್ಲದಿದ್ದಾಗಲೂ ನಾಲಿಗೆ ದಾರಿ ತಪ್ಪುವುದಿಲ್ಲ.

ಹೋಟೆಲಿನವರಿಗೆ ಬೇಕಾದ ಇನ್ನೊಂದು ಮಾತನ್ನೂ ಇಲ್ಲೇ ಹೇಳುತ್ತೇನೆ. ಟವೆಲು ಮುಗಿದುಹೋಗಿದ್ದರೆ ‘ಟವೆಲ್ಸ್ ಆರ್ ರನ್ ಔಟ್’ ಎನ್ನಬಾರದು. ‘ದಿ ಟವೆಲ್ಸ್ ಹ್ಯಾವ್ ರನ್ ಔಟ್’ ಎನ್ನಿ. ಇಲ್ಲವೇ ನಿಮ್ಮನ್ನೇ ಕರ್ತೃವಾಗಿ ಮಾಡಿಕೊಂಡು ‘ವಿ ಹ್ಯಾವ್ ರನ್ ಔಟ್ ಆಫ್ ಟವೆಲ್ಸ್’ ಎನ್ನಿ. ಎರಡನೆಯದರಲ್ಲಿ ಆಫ್ ಎಂದು ಬರೆದದ್ದು ಒಂದೇ ಎಫ್ ಇರುವ ಪದ, ಅದರ ಉಚ್ಚಾರಣೆ ಹೆಚ್ಚುಕಡಿಮೆ ‘ಅವ್’ ಎಂದು. ಕನ್ನಡ ಲಿಪಿಯಲ್ಲಿ ಇದೂ ಪುಟ್ ಆಫ್‌ನಲ್ಲಿರುವ ಎರಡು ಎಫ್‌ಗಳ ಆಫ್ ಕೂಡ ಒಂದೇ ಆಗಿಬಿಡುವುದರಿಂದ ಈ ಎಚ್ಚರಿಕೆ.

ಪ್ರಶ್ನೆ: ಫ್ರೇಸಲ್ ವರ್ಬ್ ಆಡುಮಾತಿಗೆ ಸರಿ, ಕಚೇರಿಯ ಪತ್ರದಲ್ಲಿ ಬಳಸಬಾರದು ಎಂದು ನಮ್ಮಲ್ಲಿ ಹೇಳುತ್ತಾರೆ. ನಿಜವೆ?
(ಪುಣೆಯ ಹಿಂಜೆವಾಡಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಓದುಗರು)

ಉತ್ತರ: ಭಾಗಶಃ ನಿಜ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಸ್ಥಾನ ಮತ್ತು ನ್ಯಾಯಾಲಯಗಳಲ್ಲಿ ಫ್ರೆಂಚ್, ಚರ್ಚು ಮತ್ತು ವಿದ್ವತ್ತಿನ ಬರಹದಲ್ಲಿ ಲ್ಯಾಟಿನ್ ಬಹುಕಾಲ ನಡೆದವು. ನಾಡಿನ ಮಾತಿಗೆ ಮನೆ, ಹೊಲ, ಸಂತೆಗಳು ಉಳಿದವು. ಅದರ ಫಲವಾಗಿ ಇಂಗ್ಲಿಷಿನಲ್ಲಿ ಒಂದೇ ಅರ್ಥಕ್ಕೆ ಎರಡು ಪದ ಸಿಗುವುದು ಸಾಮಾನ್ಯ: ಪುಟ್ ಆಫ್ ಮತ್ತು ಪೋಸ್ಟ್‌ಪೋನ್, ಪುಟ್ ಔಟ್ ಮತ್ತು ಎಕ್ಸ್‌ಟಿಂಗ್ವಿಶ್ (ಬೆಂಕಿ ಆರಿಸುವುದು), ಲುಕ್ ಇನ್‌ಟು ಮತ್ತು ಇನ್‌ವೆಸ್ಟಿಗೇಟ್. ಎರಡನೆಯ ಸಾಲಿನವು ಹೆಚ್ಚು ಔಪಚಾರಿಕ. ನಮ್ಮ ಮಕ್ಕಳು ಪಠ್ಯಪುಸ್ತಕದಿಂದ ಎಕ್ಸ್‌ಟಿಂಗ್ವಿಶ್ ಕಲಿತಿರುತ್ತಾರೆ, ಪುಟ್ ಔಟ್ ಕೇಳಿದರೆ ತಡವರಿಸುತ್ತಾರೆ. ಇಂಗ್ಲಿಷ್ ಮನೆಮಾತಾಗಿರುವ ಮಗುವಿಗೆ ಮೊದಲು ಬರುವುದು ಪುಟ್ ಔಟ್. ಹಾಗೆಂದು ಪತ್ರದಿಂದ ಎಲ್ಲವನ್ನೂ ಹೊರಗಿಡಬೇಕೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಕ್ಯಾರಿ ಔಟ್, ಸೆಟ್ ಅಪ್, ಫಾಲೋ ಅಪ್‌ಗಳು ನ್ಯಾಯಾಲಯದ ತೀರ್ಪಿನಲ್ಲಿ ಬಂದರೂ ಯಾರೂ ಹುಬ್ಬೇರಿಸುವುದಿಲ್ಲ. ನೀವು ಯಾರಿಗೆ ಬರೆಯುತ್ತಿದ್ದೀರಿ ಎಂಬುದನ್ನು ನೋಡಿ ನಿರ್ಧರಿಸಿ. ಸಹೋದ್ಯೋಗಿಗೆ ಬರೆಯುವ ಎರಡು ಸಾಲಿನ ಮೇಲ್‌ನಲ್ಲಿ ಲ್ಯಾಟಿನ್ ಮೂಲದ ಪದಗಳನ್ನೇ ತುಂಬಿದರೆ ಓದುವವರಿಗೆ ಬಿಗುವಾಗಿ ಕಾಣುತ್ತದೆ.

ನಿಮ್ಮ ಕ್ಷೇತ್ರದಲ್ಲಿ ಗಮನಿಸಬೇಕಾದದ್ದು ಬರಹದ ಅಂತರ. ಲಾಗಿನ್, ಸೆಟಪ್, ಬ್ಯಾಕಪ್, ಬ್ರೇಕ್‌ಡೌನ್‌ಗಳನ್ನು ಕೂಡಿಸಿ ಒಂದೇ ಪದವಾಗಿ ಬರೆದರೆ ಅವು ನಾಮಪದಗಳು. ಒತ್ತು ಮೊದಲ ಭಾಗದ ಮೇಲೆ. ಕ್ರಿಯಾಪದವಾದಾಗ ಎರಡಾಗಿ ಬಿಡಿಸಬೇಕು, ಒತ್ತು ಪಾರ್ಟಿಕಲ್ ಮೇಲೆ ಹೋಗುತ್ತದೆ. ‘ಪ್ಲೀಸ್ ಲಾಗ್ ಇನ್’ ಎಂಬಲ್ಲಿ ಲಾಗ್ ಮತ್ತು ಇನ್ ನಡುವೆ ಜಾಗ ಬಿಡಿ. ಭೂತಕಾಲ ‘ಲಾಗ್ಡ್ ಇನ್’ ಎಂದಾಗುವುದನ್ನು ನೆನೆದರೆ ಕಾರಣ ತಿಳಿಯುತ್ತದೆ.

ಪ್ರಶ್ನೆ: ಫಾರ್ಮನ್ನು ಫಿಲ್ ಅಪ್ ಮಾಡುವುದೋ, ಫಿಲ್ ಇನ್ ಮಾಡುವುದೋ? ಇಂಟರ್‌ವ್ಯೂಗೆ ಹೊರಟಿರುವ ಮಗಳು ‘ಕೋಪ್ ಅಪ್’, ‘ಪಾಸ್ ಔಟ್’ ಎನ್ನುತ್ತಾಳೆ. ಅವು ಸರಿಯೆ?
(ಠಾಣೆಯ ಓದುಗರು)

ಉತ್ತರ: ಬ್ರಿಟಿಷರು ಫಾರ್ಮಿಗೆ ಫಿಲ್ ಇನ್ ಎನ್ನುತ್ತಾರೆ, ಅಮೆರಿಕದವರು ಹೆಚ್ಚಾಗಿ ಫಿಲ್ ಔಟ್ ಎನ್ನುತ್ತಾರೆ. ಫಿಲ್ ಅಪ್ ನಮ್ಮ ದೇಶದಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ, ಆದರೆ ಅದು ಚೆನ್ನಾಗಿ ಒಪ್ಪುವುದು ಪೆಟ್ರೋಲ್ ಟ್ಯಾಂಕಿಗೆ, ನೀರಿನ ಬಕೆಟಿಗೆ. ಕೋಪ್ ಅಪ್ ತಪ್ಪು. ಕೋಪ್‌ಗೆ ಅಪ್ ಬೇಕಾಗಿಲ್ಲ, ಕೋಪ್ ವಿತ್ ಎಂದರೆ ಸಾಕು. ಕೀಪ್ ಅಪ್ ವಿತ್, ಕ್ಯಾಚ್ ಅಪ್ ವಿತ್‌ಗಳನ್ನು ಕೇಳಿದ ಅಭ್ಯಾಸದಿಂದ ಈ ಅಪ್ ನಮ್ಮ ಮಾತಿನಲ್ಲಿ ಸೇರಿಕೊಂಡಿರಬೇಕು. ಕಾಲೇಜು ಮುಗಿಸಿದೆ ಎನ್ನಲು ಪಾಸ್ ಔಟ್ ಎಂಬುದು ಭಾರತದ ಬಳಕೆ, ಸೈನಿಕ ತರಬೇತಿ ಮುಗಿಸುವವರ ವಿಷಯದಲ್ಲಿ ಬ್ರಿಟಿಷರಲ್ಲೂ ಇದೆ. ಉಳಿದ ಕಡೆ ಅವರಿಗೂ ಅಮೆರಿಕದವರಿಗೂ ಅದರ ಅರ್ಥ ಎಚ್ಚರ ತಪ್ಪಿ ಬೀಳುವುದು. ಪರದೇಶದ ಕಂಪನಿಯ ಇಂಟರ್‌ವ್ಯೂ ಆಗಿದ್ದರೆ ‘ಐ ಗ್ರ್ಯಾಜುಯೇಟೆಡ್ ಇನ್’ ಎಂದು ಹೇಳಿ, ಆಮೇಲೆ ವರ್ಷ ಹೇಳಲಿ.