ಸುಣ್ಣಕಲ್ಲಿಲ್ಲದ ಬೆಂಗಳೂರಲ್ಲಿ ಗೀಜರ್‌ಗೆ ಸುಣ್ಣ ಎಲ್ಲಿಂದ ಬಂತು?

ಪ್ರಶ್ನೆ: ನನ್ನ ತವರು ಸೇಡಂ. ಅಲ್ಲಿ ನೆಲದಡಿ ಎಲ್ಲಾ ಸುಣ್ಣಕಲ್ಲು. ಬೋರ್ ನೀರು ಕಾಯಿಸಿದರೆ ಪಾತ್ರೆಯ ತಳಕ್ಕೆ ಬೆಳ್ಳಗೆ ಕಟ್ಟುತ್ತಿತ್ತು. ಮದುವೆಯಾಗಿ ಬೆಂಗಳೂರಿನ ಹೊರಮಾವಿಗೆ ಬಂದೆ. ಇಲ್ಲಿ ಸುಣ್ಣಕಲ್ಲೇ ಇಲ್ಲ ಅಂತಾರೆ. ಆದರೂ ಎರಡು ವರ್ಷದಲ್ಲಿ ಎರಡು ಸಲ ಗೀಜರ್ ಕಾಯಿಲ್ ಹೋಯಿತು. ಬೇಳೆ ಬೇಯಲ್ಲ, ಸೋಪು ನೊರೆ ಬರಲ್ಲ. ಈ ನೀರು ಕುಡಿದರೆ ಕಿಡ್ನಿಯಲ್ಲಿ ಕಲ್ಲಾಗುತ್ತೆ ಅಂತ ಅತ್ತೆಗೆ ಭಯ. ವಾರಕ್ಕೆರಡು ಸಲ ಕಾವೇರಿ ನೀರು ಬರುತ್ತೆ. ಇಡೀ ಮನೆಗೆ ಸಾಫ್ಟ್‌ನರ್ ಹಾಕಿಸಬೇಕಾ?

ಉತ್ತರ: ಇಡೀ ಮನೆಗೆ ಬೇಡ. ಕಾರಣ ಹೇಳುತ್ತೇನೆ. ಮೊದಲು ನಿಮ್ಮ ತವರಿನ ನೀರಿನಿಂದ ಶುರು ಮಾಡೋಣ.

ಮಳೆನೀರು ಮಣ್ಣಿಗೆ ಇಳಿಯುವಾಗ ಬೇರುಗಳು ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತುಸು ಹುಳಿಯಾಗುತ್ತದೆ. ಆ ಹುಳಿ ಸುಣ್ಣಕಲ್ಲನ್ನು ಕರಗಿಸುತ್ತದೆ. ನೀರು ನೋಡೋಕೆ ತಿಳಿಯಾಗಿಯೇ ಇರುತ್ತದೆ, ಕಲ್ಲು ಮಾತ್ರ ಅದರೊಳಗೆ ಸೇರಿಕೊಂಡಿರುತ್ತದೆ. ಕಾಯಿಸಿದಾಗ ಅನಿಲ ಹಾರಿಹೋಗುತ್ತದೆ, ಕರಗಿದ್ದ ಸುಣ್ಣ ವಾಪಸ್ ಕಲ್ಲಾಗಿ ತಳ ಹಿಡಿಯುತ್ತದೆ. ಸೇಡಂ, ಶಹಾಬಾದ್ ಕಡೆ ಇದು ಸಹಜ.

ಬೆಂಗಳೂರಿನ ಕೆಳಗಿರುವುದು ಗ್ರಾನೈಟ್ ಜಾತಿಯ ಗಟ್ಟಿ ಕಲ್ಲು. ಅದರಲ್ಲೂ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುವ ಖನಿಜಗಳಿವೆ, ಆದರೆ ಕರಗುವುದು ಬಹಳ ನಿಧಾನ. ಆಳದ ಬಿರುಕುಗಳಲ್ಲಿ ನೀರು ವರ್ಷಗಟ್ಟಲೆ ಕೂತಿರುತ್ತದೆ, ಅಷ್ಟು ಹೊತ್ತಿಗೆ ಸಾಕಷ್ಟು ಕರಗಿಸಿಕೊಂಡಿರುತ್ತದೆ. ಬೋರ್ ಆಳಕ್ಕೆ ಹೋದಷ್ಟೂ ಸಾಮಾನ್ಯವಾಗಿ ನಮಗೆ ಸಿಗುವುದು ಹಳೇ ನೀರು. ಮೇಲಿನ ಮಣ್ಣಿನಲ್ಲಿ ಕೆಲವು ಕಡೆ ಸುಣ್ಣದ ಉಂಡೆಗಳೂ ಇರುತ್ತವೆ. ಸೋರುವ ಒಳಚರಂಡಿಯೂ ಲವಣ ಸೇರಿಸುತ್ತದೆ. ಬೆಂಗಳೂರಿನವರು ಬೋರ್ ನೀರಿಗೆ ‘ಉಪ್ಪು ನೀರು’ ಅನ್ನುತ್ತಾರಲ್ವಾ, ಅದರಲ್ಲಿ ಅಡುಗೆ ಉಪ್ಪಿಗಿಂತ ಈ ಸುಣ್ಣದ್ದೇ ಕಾಟ ಜಾಸ್ತಿ.

ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ, ಅಂದರೆ ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೇರಿ ಸುಣ್ಣದ ಲೆಕ್ಕದಲ್ಲಿ ಎಷ್ಟಿದೆ ಅನ್ನುವುದು, ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲ ಅಂದಾಗ 600ರವರೆಗೂ ಒಪ್ಪಬಹುದು. ನಿಮ್ಮ ನೀರು 400 ಇದೆ ಅಂದುಕೊಳ್ಳಿ. 15 ಲೀಟರಿನ ಒಂದು ಬಕೆಟ್‌ನಲ್ಲಿ 6 ಗ್ರಾಂ, ಹೆಚ್ಚುಕಡಿಮೆ ಒಂದು ಟೀ ಚಮಚದಷ್ಟು ಸುಣ್ಣ. ಎಲ್ಲವೂ ಕೂರುವುದಿಲ್ಲ, ಆದರೂ ದಿನಾ ಎಷ್ಟು ಬಕೆಟ್ ಬಿಸಿನೀರು ಕಾಯಿಸುತ್ತೀರಿ ಅಂತ ಲೆಕ್ಕ ಹಾಕಿ ನೋಡಿ. ಕೆಟ್ಟ ಕಾಯಿಲ್ ಬಿಚ್ಚಿದಾಗ ಮೆಕ್ಯಾನಿಕ್ ಕೈಲಿ ಒಮ್ಮೆ ಇಸಕೊಳ್ಳಿ. ಕಂಬಿಯ ಸುತ್ತ ಮೊಟ್ಟೆ ಚಿಪ್ಪಿನ ಬಣ್ಣದ ಪದರ ಇರುತ್ತದೆ, ಉಗುರಲ್ಲಿ ಒತ್ತಿದರೆ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಆ ಹೊದಿಕೆಯೊಳಗೆ ಬಿಸಿ ನೀರಿಗೆ ಹೋಗಲಾರದೆ ಕಂಬಿಯೇ ಸುಟ್ಟುಹೋಗುತ್ತದೆ. ಗೀಜರ್ 50 ಡಿಗ್ರಿಗೆ ಇಟ್ಟರೆ ಪದರ ನಿಧಾನವಾಗಿ ಕಟ್ಟುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿಸಿ ತೊಳೆಸಿ.

ಬೇಳೆಯ ಕಥೆ ಬೇರೆ. ಬೇಳೆಯನ್ನು ಹಿಡಿದಿಟ್ಟಿರುವ ಅಂಟಿಗೆ ಕ್ಯಾಲ್ಸಿಯಂ ಸೇರಿದರೆ ಅದು ಇನ್ನೂ ಬಿಗಿಯಾಗುತ್ತದೆ. ಎಷ್ಟು ವಿಷಲ್ ಕೂಗಿಸಿದರೂ ಕಾಳು ಕಾಳಾಗಿಯೇ ಉಳಿಯುತ್ತದೆ. ನೆನೆಸೋಕೂ ಬೇಯಿಸೋಕೂ ಕಾವೇರಿ ನೀರನ್ನೇ ಬಳಸಿ, ಅದೇ ದಿನ ವ್ಯತ್ಯಾಸ ಕಾಣುತ್ತದೆ.

ಇನ್ನು ಅತ್ತೆಯವರ ಭಯ. ಗಡಸುತನಕ್ಕೆ ಆರೋಗ್ಯದ ದೃಷ್ಟಿಯಿಂದ ವಿಶ್ವ ಆರೋಗ್ಯ ಸಂಸ್ಥೆ ಮಿತಿಯನ್ನೇ ಹಾಕಿಲ್ಲ. ಕಿಡ್ನಿ ಕಲ್ಲಿಗೆ ದೊಡ್ಡ ಕಾರಣ ನೀರು ಕಡಿಮೆ ಕುಡಿಯುವುದು. ನೀರು ಸರಿಯಿಲ್ಲ ಅಂತ ಅವರು ಕುಡಿಯೋದನ್ನೇ ಕಡಿಮೆ ಮಾಡಿದ್ದರೆ, ನನಗೆ ಅದೇ ಹೆಚ್ಚು ಚಿಂತೆಯ ವಿಷಯ. ಹಿಂದೆ ಕಲ್ಲಾಗಿದ್ದರೆ ಮಾತ್ರ ಡಾಕ್ಟರನ್ನು ಕೇಳಿ.

ಸಾಫ್ಟ್‌ನರ್ ಸುಣ್ಣವನ್ನು ತೆಗೆದು ಆ ಜಾಗಕ್ಕೆ ಸೋಡಿಯಂ ಬಿಡುತ್ತದೆ. 400ರ ನೀರನ್ನು ಪೂರ್ತಿ ಮೆದು ಮಾಡಿದರೆ ಲೀಟರಿಗೆ ಸುಮಾರು 184 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ಬಿಪಿ ಇರುವವರು ಕುಡಿಯಲು ಇದು ಬೇಡ. ಗಿಡಗಳಿಗೂ ಒಳ್ಳೆಯದಲ್ಲ. ಆಗಾಗ ಉಪ್ಪು ಸುರಿದು, ಒಳಗೆ ಸುಣ್ಣ ಹಿಡಿಯುವ ರೆಸಿನ್ ಮಣಿಗಳನ್ನು ತೊಳೆಯಬೇಕು, ಆ ಉಪ್ಪುನೀರೆಲ್ಲ ಮೋರಿಗೆ. ಹಾಗಾಗಿ ಬೇಕೇ ಬೇಕು ಅನಿಸಿದರೆ ಗೀಜರ್ ಮತ್ತು ವಾಷಿಂಗ್ ಮೆಷಿನ್ ಲೈನಿಗಷ್ಟೇ ಹಾಕಿಸಿ. ಅಡುಗೆಮನೆಗೆ ಕಾವೇರಿ, ಟಾಯ್ಲೆಟ್ಟಿಗೆ, ನೆಲ ಒರೆಸೋಕೆ ಬೋರ್ ನೀರು. ಎರಡನ್ನೂ ಒಂದೇ ಸಂಪಿಗೆ ಬಿಡುವ ಮನೆಗಳನ್ನು ನೋಡಿದಾಗ ನನಗೆ ಹೊಟ್ಟೆ ಉರಿಯುತ್ತದೆ. 100 ಕಿಲೋಮೀಟರ್ ದೂರದಿಂದ ಮೇಲಕ್ಕೆತ್ತಿ ತಂದ ಸಿಹಿ ನೀರು ಅದು. ಒಂದು ಸಣ್ಣ ಪ್ರತ್ಯೇಕ ಟ್ಯಾಂಕ್ ಇಟ್ಟರೆ ಸಾಕು.

ಮಳೆನೀರು ಇದಕ್ಕಿಂತಲೂ ಮೆದು. ಸಾವಿರ ಚದರಡಿ ಚಾವಣಿ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ 900 ಲೀಟರಿಗೂ ಮೇಲೆ ನೀರು. ಮೊದಲ ಮಳೆಯ ಕೊಳೆ ಹರಿಯಲು ಬಿಟ್ಟು, ಸೋಸಿ ಹಿಡಿದರೆ ಬಟ್ಟೆಗೆ, ತಲೆಸ್ನಾನಕ್ಕೆ ಬಹಳ ಚೆನ್ನ.

ನಲ್ಲಿಯ ಬಿಳಿ ಕಲೆಗೆ ನಿಂಬೆರಸದಲ್ಲಿ ಅದ್ದಿದ ಬಟ್ಟೆ ಸುತ್ತಿ ಅರ್ಧ ಗಂಟೆ ಬಿಡಿ. ಆದರೆ ಕಡಪಾ ಕಲ್ಲಿನ ಕಟ್ಟೆಗೋ ಶಹಾಬಾದ್ ನೆಲಕ್ಕೋ ಆ ರಸ ತಾಗದಿರಲಿ. ಅವೂ ಸುಣ್ಣಕಲ್ಲೇ, ಹುಳಿ ಅವನ್ನೂ ತಿನ್ನುತ್ತದೆ. ಬಾತ್‌ರೂಮ್ ಆಸಿಡ್ ಜೊತೆ ಬ್ಲೀಚಿಂಗ್ ಪೌಡರ್ ಯಾವತ್ತೂ ಬೆರೆಸಬೇಡಿ, ವಿಷದ ಗಾಳಿ ಬರುತ್ತದೆ.

ಪ್ರಶ್ನೆ: ಮನೆಗೆ ಬಂದ ಸೇಲ್ಸ್‌ಮನ್ ಮೀಟರ್ ಅದ್ದಿ ‘ಟಿಡಿಎಸ್ 700, ಆರ್‌ಒ ಹಾಕಿಸಲೇಬೇಕು’ ಅಂದರು. ನಿಜವಾ?

ಉತ್ತರ: ಆ ಮೀಟರ್ ನೀರಲ್ಲಿ ಕರಗಿದ ಎಲ್ಲ ಲವಣಗಳ ಒಟ್ಟು ಅಂದಾಜು ಹೇಳುತ್ತದೆ ಅಷ್ಟೇ. ಯಾವುದು ಸುಣ್ಣ, ಯಾವುದು ವಿಷ ಅಂತ ಅದಕ್ಕೆ ಗೊತ್ತಾಗಲ್ಲ. ಬೋರ್ ನೀರನ್ನೇ ಕುಡಿಯುವುದಾದರೆ ಲ್ಯಾಬಿಗೆ ಕೊಡಿ. ಗಡಸುತನ, ಫ್ಲೋರೈಡ್, ನೈಟ್ರೇಟ್ ಮತ್ತು ಇ-ಕೊಲೈ (ಮಲದಿಂದ ಬರುವ ಬ್ಯಾಕ್ಟೀರಿಯಾ) ಪರೀಕ್ಷೆ ಅಂತ ಹೆಸರು ಹೇಳಿಯೇ ಕೇಳಿ. ಊರೊಳಗಿನ ಬೋರ್‌ಗಳಲ್ಲಿ ನನಗೆ ಸುಣ್ಣಕ್ಕಿಂತ ಹೆದರಿಕೆ ಚರಂಡಿಯಿಂದ ಬರುವ ನೈಟ್ರೇಟಿನದು. ಅದು ಲೀಟರಿಗೆ 45 ಮಿಲಿಗ್ರಾಂ ದಾಟಿದ್ದರೆ ಕುಡಿಯೋಕೆ ಆರ್‌ಒ ಹಾಕಿಸುವುದರಲ್ಲಿ ಅರ್ಥವಿದೆ. ಅಲ್ಲಿಯವರೆಗೆ ಆ ನೀರಲ್ಲಿ ಮಗುವಿನ ಹಾಲಿನ ಪುಡಿ ಕಲಸಬೇಡಿ. ಕುದಿಸಿದರೂ ನೈಟ್ರೇಟ್ ಹೋಗುವುದಿಲ್ಲ, ನೀರು ಇಂಗಿದಷ್ಟೂ ಅದು ಜಾಸ್ತಿಯಾಗುತ್ತದೆ.