ಆಲಮಟ್ಟಿ ಹಿನ್ನೀರಿನಲ್ಲಿ ಡಿಸೆಂಬರ್–ಜನವರಿ ನಸುಕಿಗೆ ಕಯಾಕ್ (ಹುಟ್ಟು ಹಾಕುವ ಕಿರುದೋಣಿ) ಮೇಲೆ ಮೀನು ಹಿಡಿಯಲು ಎಂಥ ಬಟ್ಟೆ ಬೇಕು?

ಜೀನ್ಸ್, ಸ್ವೆಟರ್, ಮೇಲೊಂದು ರೇನ್‌ಕೋಟ್ ಸಾಕಾ, ಇಲ್ಲ ಡ್ರೈಸೂಟ್ (ಒಳಗೆ ನೀರು ಹೋಗದ, ಇಡೀ ಮೈ ಮುಚ್ಚುವ ಉಡುಪು) ತರಿಸಬೇಕಾ ಎಂದು ಕೇಳಿದ್ದೀರಿ. ಡ್ರೈಸೂಟ್ ಬೇಡ. ಜೀನ್ಸ್ ಅಂತೂ ಬೇಡವೇ ಬೇಡ.

ನಾನು ಬಾಗಲಕೋಟೆಯವನು, ಇದೇ ಹಿನ್ನೀರಿನಲ್ಲಿ ಗಾಳ ಹಾಕುವವನು. ಇಲ್ಲಿಯ ಥಂಡಿಯ ಗುಣ ಬೇರೆ. ಗಾಳಿ ತಣ್ಣಗೆ ಕೊರೆಯುತ್ತಿರುವಾಗಲೂ ನೀರಿಗೆ ಕೈ ಅದ್ದಿದರೆ ಬೆಚ್ಚಗೆನಿಸುತ್ತದೆ, ಏಕೆಂದರೆ ನೀರು ಗಾಳಿಯಷ್ಟು ಬೇಗ ಆರುವುದಿಲ್ಲ. ಹೀಗಾಗಿ ಬಿದ್ದರೂ ಏನಾಗುತ್ತದೆ ಎಂಬ ಧೈರ್ಯ ಬರುತ್ತದೆ. ಆದರೆ ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ನೀರು ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ನಮ್ಮಲ್ಲಿ ನಿಜವಾದ ಕಷ್ಟ ಶುರುವಾಗುವುದು ನೀರಿನಿಂದ ಮೇಲೆದ್ದ ಮೇಲೆ: ತೊಯ್ದ ಅರಿವೆ, ತಡೆಯೇ ಇಲ್ಲದ ಬಯಲು ಗಾಳಿ, ದಡ ಇನ್ನೂ ದೂರ. ಆದ್ದರಿಂದ ತೊಯ್ದ ಮೇಲೂ ಕೆಲಸಕ್ಕೆ ಬರುವ ಬಟ್ಟೆ ಹಾಕಿಕೊಳ್ಳಬೇಕು.

ಹತ್ತಿ ನೀರು ಕುಡಿದು ಮೈಗಂಟಿಕೊಳ್ಳುತ್ತದೆ, ಬೇಗ ಒಣಗುವುದಿಲ್ಲ. ಜೀನ್ಸ್, ಹತ್ತಿ ಬನಿಯನ್ ಎರಡನ್ನೂ ಮನೆಯಲ್ಲೇ ಬಿಡಿ. ಒಳಗೆ ಮೈಗೊತ್ತಿ ಕೂರುವ ಪಾಲಿಯೆಸ್ಟರ್ ಟೀ ಶರ್ಟ್, ಅಂಥದೇ ಟ್ರ್ಯಾಕ್ ಪ್ಯಾಂಟ್. ಮೇಲೆ ತೆಳು ಫ್ಲೀಸ್ (ಉಣ್ಣೆಯಂತೆ ಮೆತ್ತಗಿರುವ ಪಾಲಿಯೆಸ್ಟರ್ ಬಟ್ಟೆ) ಅಥವಾ ಉಣ್ಣೆಯ ಸ್ವೆಟರ್. ಅದರ ಮೇಲೆ ಗಾಳಿ ತೂರದ ಹಗುರ ಜಾಕೆಟ್. ಮೊಣಕಾಲಿನವರೆಗೆ ಇಳಿಯುವ ರೇನ್‌ಕೋಟ್ ಬೇಡ, ಈಜುವಾಗ ಕಾಲಿಗೆ ತೊಡರುತ್ತದೆ. ಬಿಸಿಲೇರಿದ ಹಾಗೆ ಒಂದೊಂದೇ ಪದರ ಬಿಚ್ಚಿ, ಆದರೆ ಅದಕ್ಕಾಗಿ ತೆಗೆದ ಲೈಫ್ ಜಾಕೆಟ್ಟನ್ನು ತಕ್ಷಣ ಮತ್ತೆ ಬಿಗಿದುಕೊಳ್ಳಿ. ಅದು ಎಲ್ಲದರ ಮೇಲೆ ಇರಬೇಕು. ಸ್ವೆಟರ್ ಹಾಕಿದ ಮೇಲೆ ಪಟ್ಟಿಯ ಅಳತೆ ಮತ್ತೊಮ್ಮೆ ನೋಡಿಕೊಳ್ಳಿ. ಸೀಟಿಯೊಂದನ್ನು ಅದಕ್ಕೇ ಕಟ್ಟಿಕೊಳ್ಳಿ.

ತಲೆಗೆ ಮಂಕಿ ಟೋಪಿ ಚೆನ್ನಾಗೇ ನಡೆಯುತ್ತದೆ. ಕೈಗೆ ಬೆರಳ ತುದಿ ತೆರೆದ ಗ್ಲೌಸ್, ಇಲ್ಲದಿದ್ದರೆ ಗಾಳದ ಗಂಟು ಹಾಕಲಾಗದು. ಗಮ್‌ಬೂಟ್ ಮಾತ್ರ ಬೇಡ. ನೀರು ತುಂಬಿದರೆ ಕಯಾಕ್ ಮೇಲೆ ಹತ್ತಲು ಕಾಲೇ ಏಳುವುದಿಲ್ಲ.

ಡ್ರೈಸೂಟ್ ಚಳಿ ದೇಶಗಳ ಮಾತು. ನೀರು 15 ಡಿಗ್ರಿಗಿಂತ ಕೆಳಗಿಳಿದಲ್ಲಿ ಅದು ಇಲ್ಲವೇ ವೆಟ್‌ಸೂಟ್ (ಮೈಗೊತ್ತಿ ಕೂರುವ ರಬ್ಬರಿನಂಥ ಉಡುಪು) ಬೇಕೇ ಬೇಕು. ಮಂಜುಗಡ್ಡೆಯಂಥ ನೀರಿಗೆ ಬಿದ್ದವರ ಬಗ್ಗೆ ಕೆನಡಾದ ಮ್ಯಾನಿಟೋಬ ವಿಶ್ವವಿದ್ಯಾಲಯದ ಗೋರ್ಡನ್ ಗೀಸ್‌ಬ್ರೆಕ್ಟ್ ಹೇಳುವ ಲೆಕ್ಕ ಇದು: ಉಸಿರು ಹತೋಟಿಗೆ ತರಲು 1 ನಿಮಿಷ, ಕೈಕಾಲು ಮಾತು ಕೇಳುವುದು ಸುಮಾರು 10 ನಿಮಿಷ, ಪ್ರಜ್ಞೆ ತಪ್ಪುವುದಕ್ಕೆ ಸುಮಾರು 1 ಗಂಟೆ. ನಮ್ಮ ನೀರು ಅಷ್ಟು ಕ್ರೂರವಲ್ಲ. ಆದರೂ ಹಠಾತ್ತನೆ ಬಿದ್ದಾಗ ಏದುಸಿರು ಬರುವುದು ಇಲ್ಲೂ ಉಂಟು. ಮೊದಲು ಮುಖ ಮೇಲಿಟ್ಟು ತೇಲಿ, ಉಸಿರು ನೆಟ್ಟಗಾದ ಮೇಲೆ ಕಯಾಕ್ ಹಿಡಿಯಿರಿ.

ಒಂದು ಜೊತೆ ಒಣ ಬಟ್ಟೆ ನೀರು ಹೋಗದ ಚೀಲದಲ್ಲಿ ಕಯಾಕ್ ಮೇಲೇ ಇರಲಿ. ದಡದಲ್ಲಿ ನಮ್ಮ ಕುರುಬರ ಕರಿ ಕಂಬಳಿ ಇಟ್ಟಿರಿ. ಉಣ್ಣೆಯ ನೂಲಿನ ಸುರುಳಿಯಲ್ಲಿ ಗಾಳಿ ನಿಲ್ಲುವುದರಿಂದ ಅದು ಹಸಿಯಾದರೂ ಬೆಚ್ಚಗಿಡುತ್ತದೆ. ಜೊತೆಯವರು ನಡುಗುತ್ತಾ ಮಾತು ತೊದಲಿದರೆ, ಗಂಟು ಹಾಕಲು ಬೆರಳು ಬಾರದಿದ್ದರೆ ಅಂದಿನ ಮೀನು ಸಾಕು. ಹಸಿ ಬಟ್ಟೆ ತೆಗೆದು, ಒರೆಸಿ, ಕಂಬಳಿ ಸುತ್ತಿ, ಎಚ್ಚರವಿದ್ದರೆ ಬಿಸಿ ಸಿಹಿ ಚಹಾ ಕೊಡಿ, ದವಾಖಾನೆಗೆ ಕರೆದೊಯ್ಯಿರಿ. ಮೈ ಬಿಸಿಯಾಗಲಿ ಎಂದು ಸೆರೆ ಕುಡಿಸುವವರಿದ್ದಾರೆ, ದಯವಿಟ್ಟು ಬಿಡಿಸಿ. ಅದು ಚರ್ಮದ ರಕ್ತನಾಳ ಹಿಗ್ಗಿಸಿ ಒಳಗಿನ ಶಾಖವನ್ನೇ ಹೊರಹಾಕುತ್ತದೆ.

ಹೊರಡುವ ಮುಂಚೆ ಒಂದು ಮಧ್ಯಾಹ್ನ, ಸೊಂಟದಷ್ಟು ನೀರಿನಲ್ಲಿ, ಜೊತೆಗೊಬ್ಬರನ್ನು ನಿಲ್ಲಿಸಿಕೊಂಡು, ಇದೇ ಬಟ್ಟೆಯಲ್ಲಿ ಬೇಕೆಂದೇ ಮಗುಚಿ ಬೀಳಿ. ಮತ್ತೆ ಹತ್ತಲು ಬಂದರೆ ಬಟ್ಟೆ ಸರಿ ಇದೆ. ಬಾರದಿದ್ದರೆ ಯಾವುದು ಅಡ್ಡ ಬಂತು ನೋಡಿ, ಅದನ್ನು ಬದಲಿಸಿ, ಮತ್ತೆ ಬಿದ್ದು ನೋಡಿ.