ನಿಮ್ಹಾನ್ಸ್ ಅಥವಾ ಜಿಪ್ಮರ್: ಕೈಯಲ್ಲಿ ಉಳಿಯೋದು ಎಲ್ಲಿ ಹೆಚ್ಚು?

ಬೆಂಗಳೂರಿನ ನಿಮ್ಹಾನ್ಸ್, ಪುದುಚೇರಿಯ ಜಿಪ್ಮರ್, ಈ ಎರಡೂ ಕೇಂದ್ರ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸಿಂಗ್ ಆಫೀಸರ್ ಆಗಿ ಆಯ್ಕೆಯಾಗಿದೆ, ಬೆಂಗಳೂರಲ್ಲಿ ಸಂಬಳ ಜಾಸ್ತಿ ಅಲ್ವಾ ಅಂತ ಕೇಳಿದ್ದೀರಿ. ಜಾಸ್ತಿ ಹೌದು, ಆದರೆ ಮೂಲ ವೇತನದಲ್ಲಲ್ಲ. 7ನೇ ವೇತನ ಆಯೋಗದ ಪ್ರಕಾರ ಎರಡೂ ಹುದ್ದೆ ವೇತನ ಶ್ರೇಣಿ ಲೆವೆಲ್ 7, ಶುರು 44,900 ರೂಪಾಯಿ. ಡಿಎ (ತುಟ್ಟಿಭತ್ಯೆ), ನರ್ಸಿಂಗ್ ಭತ್ಯೆಯೂ ಒಂದೇ.

ವ್ಯತ್ಯಾಸ ಇರೋದು ಊರಿನ ದರ್ಜೆ ನೋಡಿ ಕೊಡೋ ಭತ್ಯೆಗಳಲ್ಲಿ. ಬೆಂಗಳೂರು ಎಕ್ಸ್ ದರ್ಜೆ ನಗರ. ಮನೆ ಬಾಡಿಗೆ ಭತ್ಯೆ ಮೂಲ ವೇತನದ ಶೇ 30, ಅಂದರೆ 13,470. ಪುದುಚೇರಿ ವೈ ದರ್ಜೆ. ಶೇ 20, ಅಂದರೆ 8,980. ಸಾರಿಗೆ ಭತ್ಯೆ ಬೆಂಗಳೂರಲ್ಲಿ 3,600, ಪುದುಚೇರಿಯಲ್ಲಿ 1,800, ಅದರ ಮೇಲೆ ಡಿಎ. ಎಲ್ಲ ಸೇರಿ ತಿಂಗಳಿಗೆ ಏಳು ಸಾವಿರದ ಚಿಲ್ಲರೆ ವ್ಯತ್ಯಾಸ, ಅದೂ ತೆರಿಗೆಗೆ ಮೊದಲು.

ಈಗ ಎರಡೂ ಊರಲ್ಲಿ ಒಂದೇ ಥರದ ಮನೆಯ ಬಾಡಿಗೆ ವಿಚಾರಿಸಿ. ಅಂತರ ಏಳು ಸಾವಿರ ದಾಟಿದರೆ ಪುದುಚೇರಿಯೇ ಲಾಭ. ಹೋಲಿಸುವಾಗ ದೂರದ ಬೇಗೂರಿನ ಬಾಡಿಗೆ ಹಿಡಿಯಬೇಡಿ, ದಯವಿಟ್ಟು. ರಾತ್ರಿ ಪಾಳಿ ಮುಗಿಸಿ ಬರೋರಿಗೆ ನಿಮ್ಹಾನ್ಸ್ ಹತ್ತಿರದ ಲಕ್ಕಸಂದ್ರ, ವಿಲ್ಸನ್ ಗಾರ್ಡನ್ ಬಾಡಿಗೆಯೇ ನಿಜವಾದ ಲೆಕ್ಕ. ಅಡ್ವಾನ್ಸ್‌ಗೆ ಕಟ್ಟೋ ದುಡ್ಡು ಬೇರೆ. ಸಾಲ ಮಾಡಿ ಕಟ್ಟೋದಾದರೆ ಅದರ ಬಡ್ಡಿಯನ್ನೂ ಸೇರಿಸಿ.

ಕ್ವಾರ್ಟರ್ಸ್ ಸಿಕ್ಕರೆ ಬಾಡಿಗೆ ಭತ್ಯೆ ಪೂರ್ತಿ ನಿಲ್ಲುತ್ತೆ, ಲೈಸೆನ್ಸ್ ಶುಲ್ಕವೂ (ಕ್ವಾರ್ಟರ್ಸ್ ಬಾಡಿಗೆ) ಸಂಬಳದಲ್ಲಿ ಕಡಿತ. ಆದರೂ ಬೆಂಗಳೂರಲ್ಲಿ ಸಿಕ್ಕರೆ ಬಿಡಬೇಡಿ. ನಿಮ್ಮ ಯಜಮಾನರಿಗೆ ಅದೇ ಊರಲ್ಲಿ ಸರ್ಕಾರಿ ವಸತಿ ಇದ್ದರೂ ನಿಮಗೆ ಬಾಡಿಗೆ ಭತ್ಯೆ ಬರಲ್ಲ, ಅದನ್ನ ಮೊದಲೇ ಕೇಳಿಕೊಳ್ಳಿ.